ಬಾಳಿನ ಎಂಟು ಘಟ್ಟಗಳು: ಎರಿಕ್‌ಸನ್ನರ ಮನೋವಿಜ್ಞಾನ ಮತ್ತು ಷಟ್‌ಸ್ಥಲ

ಮನುಷ್ಯನು ವಯಸ್ಸಿನಿಂದ ಬೆಳೆಯುವನೋ, ಅರಿವಿನಿಂದ ಬೆಳೆಯುವನೋ ಎಂಬ ಪ್ರಶ್ನೆ ವಚನವಾಙ್ಮಯವನ್ನು ಅಭ್ಯಸಿಸಿದವರಿಗೆ ಹೊಸದಲ್ಲ. ಎಳೆಯ ಪ್ರಾಯದ ಚೆನ್ನಬಸವಣ್ಣನವರನ್ನು ಷಟ್‌ಸ್ಥಲ ಚಕ್ರವರ್ತಿಯೆಂದು ಹಿರಿಯರು ಮನ್ನಿಸಿದರು. ಉಡುತಡಿಯ ಮಹಾದೇವಿಯನ್ನು ವಯಸ್ಸಿನಲ್ಲಿ ಹಿರಿಯರಾದ ಶರಣರೂ ಅಕ್ಕನೆಂದೇ ಕರೆದರೆಂದು ಪರಂಪರೆ ಹೇಳುತ್ತದೆ. ಅನುಭವಮಂಟಪದಲ್ಲಿ ನರೆಗೂದಲಿಗೆ ಗೌರವವಿದ್ದಿತಾದರೂ ಅದೊಂದೇ ಹಿರಿತನದ ಗುರುತಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಮನೋವಿಜ್ಞಾನವೂ ಈ ಪ್ರಶ್ನೆಯನ್ನು ತನ್ನ ರೀತಿಯಲ್ಲಿ ಎತ್ತಿಕೊಂಡಿತು. ಮನುಷ್ಯನ ಸ್ವಭಾವವು ಬಾಲ್ಯದ ಮೊದಲ ಐದಾರು ವರ್ಷಗಳಲ್ಲಿಯೇ ಬಹುಮಟ್ಟಿಗೆ ನಿರ್ಣಯವಾಗಿಬಿಡುತ್ತದೆಂದು ಫ್ರಾಯ್ಡ್ ಪಂಥದವರು ತಿಳಿದಿದ್ದ ಕಾಲದಲ್ಲಿ, ಬೆಳವಣಿಗೆಯು ತೊಟ್ಟಿಲಿನಿಂದ ಮೊದಲಾಗಿ ಮುಪ್ಪಿನ ಕೊನೆಯವರೆಗೂ ನಡೆಯುವ ಕ್ರಿಯೆಯೆಂದು ವಾದಿಸಿದವರಲ್ಲಿ ಎರಿಕ್ ಎರಿಕ್‌ಸನ್ ಪ್ರಮುಖರು. ಪ್ರತಿಯೊಂದು ವಯಸ್ಸೂ ಮನುಷ್ಯನಿಗೆ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಅದರ ಉತ್ತರವು ಒಬ್ಬಂಟಿಯಾಗಿ ದೊರೆಯುವಂಥದಲ್ಲ, ಸುತ್ತಲಿನವರೊಡನೆ ಕೂಡಿ ದೊರೆಯುವಂಥದು. ಒಂದು ಘಟ್ಟದಲ್ಲಿ ತಪ್ಪಿದುದನ್ನು ಮುಂದಿನ ಘಟ್ಟಗಳಲ್ಲಿ ತಿದ್ದಿಕೊಳ್ಳಲು ಅವಕಾಶವಿದೆ. ಇದು ಅವರ ಸಿದ್ಧಾಂತದ ಸಾರ. ಇದನ್ನು ವಿವರಿಸುವುದೂ ಷಟ್‌ಸ್ಥಲವನ್ನು ನಂಬಿದ ನಾವು ಇದನ್ನು ಹೇಗೆ ಗ್ರಹಿಸಬಹುದೆಂದು ವಿಚಾರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೇ ಒಂದು ಮಾತನ್ನು ಹೇಳಿಬಿಡುವುದು ಲೇಸು. ಹೊರಗಿನ ಯಾವ ಹೊಸ ವಿಚಾರ ಬಂದರೂ ಅದು ನಮ್ಮ ವಚನಗಳಲ್ಲಿ ಎಂದೋ ಇದೆ ಎಂದು ಹೇಳಿ ಸಂತೋಷಪಡುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದಿದೆ. ಇದರಿಂದ ಹೊಸ ವಿಚಾರವೂ ತಿಳಿಯುವುದಿಲ್ಲ, ವಚನಗಳ ನಿಜವಾದ ಹಿರಿಮೆಯೂ ಕಾಣುವುದಿಲ್ಲ. ಆದುದರಿಂದ ಎರಡನ್ನೂ ಅವುಗಳ ಸ್ಥಾನದಲ್ಲಿಯೇ ಇಟ್ಟು ನೋಡೋಣ.

೧. ಸಿದ್ಧಾಂತಕಾರರ ಬಾಳು

ಎರಿಕ್‌ಸನ್ನರು ೧೯೦೨ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿದರು. ತಾಯಿ ಡೆನ್ಮಾರ್ಕಿನ ಯಹೂದಿ ಮನೆತನದವರು. ಜನ್ಮ ಕೊಟ್ಟ ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳ ವೈದ್ಯರಾಗಿದ್ದ ಮಲತಂದೆ ಹೋಂಬರ್ಗರ್ ಅವರನ್ನೇ ಸ್ವಂತ ತಂದೆಯೆಂದು ನಂಬಿ ಅವರು ಬಾಲ್ಯವನ್ನು ಕಳೆದರು. ತಾರುಣ್ಯದಲ್ಲಿ ಕಾಲೇಜು ಮೆಟ್ಟಿಲು ಹತ್ತದೆ, ಚಿತ್ರಕಲೆಯನ್ನು ಹಿಡಿದು ಯುರೋಪಿನಲ್ಲಿ ಅಲೆದರು. ೧೯೨೭ರಲ್ಲಿ ವಿಯೆನ್ನಾ ನಗರದ ಒಂದು ಸಣ್ಣ ಶಾಲೆಯಲ್ಲಿ ಉಪಾಧ್ಯಾಯರಾದರು. ಅಲ್ಲಿಯೇ ಫ್ರಾಯ್ಡರ ಮಗಳು ಆನಾ ಫ್ರಾಯ್ಡರಿಂದ ಮನೋವಿಶ್ಲೇಷಣೆಯ ಶಿಕ್ಷಣ ದೊರೆಯಿತು. ೧೯೩೦ರಲ್ಲಿ ಕೆನಡಾದ ಜೋನ್ ಅವರನ್ನು ವಿವಾಹವಾದರು. ಈಕೆ ಜೀವನಪರ್ಯಂತ ಅವರ ಬರೆಹಗಳಲ್ಲಿ ಸಹಭಾಗಿಯಾದರು. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ೧೯೩೩ರಲ್ಲಿ ದಂಪತಿಗಳು ಅಮೆರಿಕಕ್ಕೆ ವಲಸೆ ಹೋದರು. ೧೯೩೯ರಲ್ಲಿ ಆ ದೇಶದ ಪೌರತ್ವ ದೊರೆತಾಗ ಅವರು ತಮ್ಮ ಹೆಸರಿಗೆ ಎರಿಕ್‌ಸನ್ ಎಂಬುದನ್ನು ಸೇರಿಸಿಕೊಂಡರು. ಎರಿಕನ ಮಗ ಎಂಬುದು ಅದರ ಅರ್ಥ. ತನಗೆ ತಾನೇ ತಂದೆಯಾದಂತೆ ಈ ಹೆಸರು!

‘ನಾನು ಯಾರು’ ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದುದಲ್ಲ, ಬಾಳಿನಿಂದ ಬಂದುದು ಎಂಬುದಕ್ಕೆ ಇಷ್ಟು ಸಾಕು. ಎರಡನೆಯ ಮಹಾಯುದ್ಧದಿಂದ ಮನಸ್ಸು ಕೆಟ್ಟು ಮರಳಿದ ಸೈನಿಕರ ಚಿಕಿತ್ಸೆಯಲ್ಲಿ, ನಿನ್ನೆಯ ತಾನೇ ಇಂದಿನ ತಾನು ಎಂಬ ಎಣಿಕೆಯನ್ನು ಕಳೆದುಕೊಂಡವರನ್ನು ಅವರು ಕಂಡರು. ಅನನ್ಯತೆಯ ಬಿಕ್ಕಟ್ಟು ಎಂಬ, ಈಗ ಎಲ್ಲರ ಬಾಯಲ್ಲಿರುವ ಮಾತು ಹುಟ್ಟಿದುದು ಅಲ್ಲಿ. ೧೯೫೦ರಲ್ಲಿ ಪ್ರಕಟವಾದ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ ಎಂಬ ಗ್ರಂಥದಲ್ಲಿ ಅವರು ಬಾಳಿನ ಎಂಟು ಘಟ್ಟಗಳನ್ನು ನಿರೂಪಿಸಿದರು.

ಭಾರತದೊಡನೆಯೂ ಅವರಿಗೆ ನಿಕಟವಾದ ಸಂಬಂಧವಿದ್ದಿತು. ಮಾನವನ ಜೀವನಚಕ್ರವನ್ನು ಕುರಿತ ವಿಚಾರಗೋಷ್ಠಿಯನ್ನು ನಡೆಸಿಕೊಡಲು ೧೯೬೨ರಲ್ಲಿ ಅವರು ಅಹಮದಾಬಾದಿಗೆ ಬಂದರು. ೧೯೧೮ರ ಅಹಮದಾಬಾದು ಗಿರಣಿ ಕಾರ್ಮಿಕರ ಸತ್ಯಾಗ್ರಹವನ್ನು ಕೇಂದ್ರವಾಗಿಟ್ಟುಕೊಂಡು ಗಾಂಧೀಜಿಯವರ ನಡುವಯಸ್ಸನ್ನು ಪರಿಶೀಲಿಸುವ ಅವರ ‘ಗಾಂಧೀಸ್ ಟ್ರೂತ್’ ಗ್ರಂಥ ಈ ಭೇಟಿಯ ಫಲ. ೧೯೬೯ರಲ್ಲಿ ಪ್ರಕಟವಾದ ಆ ಗ್ರಂಥಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಅವರ ಪ್ರಭಾವದಿಂದಲೇ ಮನೋವಿಶ್ಲೇಷಣೆಗೆ ಬಂದ ಸುಧೀರ ಕಾಕರ್ ಅವರು ಎರಿಕ್‌ಸನ್ನರ ಘಟ್ಟಗಳನ್ನೂ ಹಿಂದೂ ಆಶ್ರಮವ್ಯವಸ್ಥೆಯನ್ನೂ ಹೋಲಿಸಿ ೧೯೬೮ರಲ್ಲಿ ಒಂದು ಪ್ರಬಂಧವನ್ನು ಬರೆದರು. ಈ ಹೋಲಿಕೆಯ ವಿಚಾರಕ್ಕೆ ಮುಂದೆ ಬರುತ್ತೇನೆ.

೨. ಮೂಲ ಸೂತ್ರಗಳು

ಘಟ್ಟಗಳನ್ನು ವಿವರಿಸುವ ಮೊದಲು ಮೂರು ಸೂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯದು ಕ್ರಮ. ಗರ್ಭದಲ್ಲಿ ಒಂದೊಂದು ಅವಯವಕ್ಕೆ ತಲೆದೋರುವ ಒಂದೊಂದು ಕಾಲವಿರುವಂತೆ, ಮನಸ್ಸಿನ ಒಂದೊಂದು ಶಕ್ತಿಗೂ ಮುಂದೆ ಬರುವ ಒಂದು ಕಾಲವಿದೆ. ಆದರೆ ಅದರ ಬೀಜ ಮೊದಲಿನಿಂದಲೂ ಇರುತ್ತದೆ, ಅದರ ಫಲ ಕೊನೆಯವರೆಗೂ ಉಳಿಯುತ್ತದೆ.

ಎರಡನೆಯದು ದ್ವಂದ್ವ. ಪ್ರತಿಯೊಂದು ಘಟ್ಟದಲ್ಲಿಯೂ ಎರಡು ಒಲವುಗಳ ತಿಕ್ಕಾಟವಿರುತ್ತದೆ. ಇದನ್ನು ಬಿಕ್ಕಟ್ಟು ಎಂದು ಕರೆದರೂ ಅದು ಅನಾಹುತವಲ್ಲ. ದಾರಿ ಕವಲೊಡೆಯುವ ಜಾಗ. ಒಳ್ಳೆಯ ಒಲವು ಪೂರ್ಣವಾಗಿ ಗೆಲ್ಲಬೇಕೆಂದು ಎರಿಕ್‌ಸನ್ನರು ಹೇಳುವುದಿಲ್ಲ. ಯಾರನ್ನೂ ಎಂದಿಗೂ ಶಂಕಿಸದವನು ಈ ಲೋಕದಲ್ಲಿ ಬಾಳಲಾರ. ವಿಶ್ವಾಸದ ಕಡೆಗೆ ತಕ್ಕಡಿ ತುಸು ವಾಲಿದರೆ ಸಾಕು. ಹಾಗೆ ವಾಲಿದಾಗ ಒಂದು ಗುಣ, ಎಂದರೆ ಬಾಳಿಗೆ ಬಲ ಕೊಡುವ ಒಂದು ಸತ್ತ್ವ, ಹುಟ್ಟುತ್ತದೆ.

ಮೂರನೆಯದು ಪರಸ್ಪರತೆ. ಕೂಸನ್ನು ಮನೆಯವರು ಬೆಳೆಸುವಂತೆ ಕೂಸೂ ಮನೆಯವರನ್ನು ಬೆಳೆಸುತ್ತದೆ. ಶಿಷ್ಯನಿಂದ ಗುರುವೂ, ಕಿರಿಯರಿಂದ ಹಿರಿಯರೂ ತಮ್ಮ ಘಟ್ಟದ ಸತ್ತ್ವವನ್ನು ಪಡೆಯುತ್ತಾರೆ. ಒಬ್ಬನ ಬಿಕ್ಕಟ್ಟು ಮತ್ತೊಬ್ಬನ ಬಿಕ್ಕಟ್ಟಿನೊಡನೆ ಹಲ್ಲಿಗೆ ಹಲ್ಲು ಸೇರಿದ ಗಾಲಿಗಳಂತೆ ತಿರುಗುತ್ತದೆ.

೩. ಬಾಲ್ಯದ ನಾಲ್ಕು ಘಟ್ಟಗಳು

ಒಂದನೆಯದು ಶೈಶವ. ಇಲ್ಲಿನ ದ್ವಂದ್ವ ವಿಶ್ವಾಸ ಮತ್ತು ಅವಿಶ್ವಾಸ. ಹಸಿದಾಗ ಹಾಲು, ಅತ್ತಾಗ ಮಡಿಲು ದೊರೆಯುವುದೆಂಬ ಭರವಸೆ ಕೂಸಿನಲ್ಲಿ ಮೂಡಬೇಕು. ಹಾಲಿನ ಪ್ರಮಾಣಕ್ಕಿಂತ ಆರೈಕೆಯ ನೆಚ್ಚಿಕೆ ಇಲ್ಲಿ ಮುಖ್ಯ. ಬ್ರಿಟನ್ನಿನ ಜಾನ್ ಬೌಲ್ಬಿ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ೧೯೫೧ರಲ್ಲಿ ಸಿದ್ಧಪಡಿಸಿದ ವರದಿಯೂ ಮೇರಿ ಐನ್ಸ್‌ವರ್ತ್ ಅವರು ಉಗಾಂಡದಲ್ಲಿಯೂ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ತಾಯಿ-ಮಕ್ಕಳನ್ನು ಮನೆಗಳಿಗೇ ಹೋಗಿ ನೋಡಿ ನಡೆಸಿದ ಅಧ್ಯಯನಗಳೂ ಈ ಮಾತನ್ನು ಬೇರೊಂದು ದಾರಿಯಿಂದ ಬಲಪಡಿಸಿದವು. ಅಳುವ ಕೂಸನ್ನು ಕೂಡಲೇ ಎತ್ತಿಕೊಂಡರೆ ಅದು ಹಟಮಾರಿಯಾಗುವುದೆಂದು ಹೇಳುವವರುಂಟು. ಐನ್ಸ್‌ವರ್ತ್ ಕಂಡುದು ಇದಕ್ಕೆ ವಿರುದ್ಧ: ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗನೆ ಓಗೊಡಲ್ಪಟ್ಟ ಕೂಸುಗಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. ಈ ಘಟ್ಟದ ಸತ್ತ್ವ ಭರವಸೆ.

ಎರಡನೆಯದು ಒಂದೂವರೆ ವರ್ಷದಿಂದ ಮೂರು ವರ್ಷದವರೆಗಿನ ಕಾಲ. ಕೂಸು ನಿಲ್ಲುತ್ತದೆ, ನಡೆಯುತ್ತದೆ, ಒಲ್ಲೆ ಎನ್ನಲು ಕಲಿಯುತ್ತದೆ. ದ್ವಂದ್ವ ಸ್ವಾಯತ್ತತೆ ಮತ್ತು ಲಜ್ಜೆ. ನಾಲ್ವರ ಮುಂದೆ ಮಗುವನ್ನು ನಾಚಿಸಿ ತಿದ್ದುವ ಮನೆಯಲ್ಲಿ ಅದರ ಸಂಕಲ್ಪಶಕ್ತಿ ಕುಗ್ಗುತ್ತದೆ. ಮೂರನೆಯದು ಆಟದ ವಯಸ್ಸು. ಸ್ವಯಂಪ್ರೇರಣೆ ಮತ್ತು ಅಪರಾಧಭಾವ ಇಲ್ಲಿನ ದ್ವಂದ್ವ. ಮಣ್ಣಿನ ಮನೆ ಕಟ್ಟಿ, ಗೊಂಬೆಯ ಮದುವೆ ಮಾಡುವ ಮಗು ಒಂದು ಗುರಿಯನ್ನಿಟ್ಟುಕೊಂಡು ಕೆಲಸ ಮಾಡುವುದನ್ನು ಅಭ್ಯಾಸ ಮಾಡುತ್ತಿರುತ್ತದೆ. ಇದರ ಸತ್ತ್ವ ಧ್ಯೇಯ.

ನಾಲ್ಕನೆಯದು ಶಾಲೆಯ ವಯಸ್ಸು. ಕಲಿತು, ಕೈಯಾರೆ ಮಾಡಿ, ‘ನನಗೂ ಬರುತ್ತದೆ’ ಎನ್ನಿಸಿಕೊಳ್ಳುವ ಹಂಬಲ ಒಂದು ಕಡೆ. ‘ನಾನು ಯಾವುದಕ್ಕೂ ಬಾರದವನು’ ಎಂಬ ಕೀಳರಿಮೆ ಇನ್ನೊಂದು ಕಡೆ. ಇದರ ಸತ್ತ್ವ ಸಾಮರ್ಥ್ಯ. ಈ ಘಟ್ಟದಲ್ಲಿ ಮಗುವಿನ ತಕ್ಕಡಿ ಬಹುಮಟ್ಟಿಗೆ ಉಪಾಧ್ಯಾಯನ ಕೈಯಲ್ಲಿರುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, ಮಗ್ಗಿ ಒಪ್ಪಿಸಲಾರದ ಹುಡುಗನೊಬ್ಬನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ, ‘ಇವನ ತಲೆಗೆ ಬಾಗಿಲೇ ಇಲ್ಲ’ ಎಂದಿದ್ದೆ. ಮಕ್ಕಳು ನಕ್ಕರು, ನನಗೂ ನಗು ಬಂದಿತು. ಆ ವರ್ಷವೇ ಅವನು ಶಾಲೆ ಬಿಟ್ಟ. ಮೂವತ್ತು ವರ್ಷಗಳ ಮೇಲೆ, ಪರಿಚಿತರೊಬ್ಬರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದಾಗ ಬಡಿಗನೊಬ್ಬನು ಬಂದು ನಮಸ್ಕರಿಸಿದ. “ಗುರುಗಳ, ಈ ಬಾಗಿಲಾ ನಾನ ಮಾಡೀನ್ರಿ. ಒಂದ ಸಲಾ ಮುಟ್ಟಿ ನೋಡ್ರಿ” ಎಂದ. ಯಾರೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ತೇಗದ ಬಾಗಿಲು, ಚೌಕಟ್ಟಿಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿತ್ತು. ಅವನ ಮಾತಿನಲ್ಲಿ ಹಗೆ ಇರಲಿಲ್ಲ. ಮೂವತ್ತು ವರ್ಷ ಕಾದಿದ್ದ ಒಂದು ಅಂಕವನ್ನು ಅವನು ಕೇಳುತ್ತಿದ್ದ. ನಾನು ಬಾಗಿಲನ್ನು ಮುಟ್ಟಿ ನೋಡಿದೆ. ಅಂದು ಆಡಿದ ಮಾತು ತಪ್ಪಾಯಿತೆಂದು, ಅಲ್ಲಿ ನೆರೆದಿದ್ದವರಿಗೆ ಕೇಳುವಂತೆಯೇ ಹೇಳಿದೆ. ನಾಲ್ವರ ಮುಂದೆ ಮಾಡಿದ ತಪ್ಪನ್ನು ನಾಲ್ವರ ಮುಂದೆಯೇ ಒಪ್ಪಿಕೊಳ್ಳಬೇಕಷ್ಟೆ.

ಕಾಯಕದಲ್ಲಿ ಮೇಲುಕೀಳುಗಳನ್ನು ಎಣಿಸದ ಶರಣರನ್ನು ಪಾಠ ಹೇಳುತ್ತಲೇ ನಾನು ಹಾಗೆ ನಡೆದುಕೊಂಡಿದ್ದೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪುಸ್ತಕದ ಸಾಮರ್ಥ್ಯವೊಂದೇ ಸಾಮರ್ಥ್ಯವೆಂದು ತಿಳಿದ ಶಾಲೆಯು ಕೈಯ ಸಾಮರ್ಥ್ಯವುಳ್ಳ ಮಗುವಿಗೆ ಕೀಳರಿಮೆಯನ್ನೇ ಕಲಿಸುತ್ತದೆ.

೪. ತಾರುಣ್ಯ ಮತ್ತು ಸಂಸಾರ

ಐದನೆಯ ಘಟ್ಟ ಹದಿಹರೆಯ. ಮೈ ಬದಲಾಗುತ್ತದೆ, ಲೋಕ ಹೊಸ ಬೇಡಿಕೆಗಳನ್ನು ಒಡ್ಡುತ್ತದೆ. ನಾನು ಯಾರು, ಯಾವುದಕ್ಕೆ ಸಲ್ಲುವವನು ಎಂಬ ಪ್ರಶ್ನೆ ತಲೆಯೆತ್ತುತ್ತದೆ. ಅನನ್ಯತೆ ಮತ್ತು ಪಾತ್ರಗಳ ಗೊಂದಲ ಇಲ್ಲಿನ ದ್ವಂದ್ವ. ಈ ವಯಸ್ಸಿನವರಿಗೆ ಸಮಾಜವು ಒಂದಿಷ್ಟು ಬಿಡುವನ್ನು ಕೊಡಬೇಕೆಂದು ಎರಿಕ್‌ಸನ್ನರು ಒತ್ತಿ ಹೇಳಿದರು. ತಾವೇ ಅಲೆಮಾರಿ ಚಿತ್ರಕಾರರಾಗಿದ್ದ ವರ್ಷಗಳು ಅವರ ನೆನಪಿನಲ್ಲಿದ್ದಿರಬೇಕು. ಒಂದನ್ನು ಹಿಡಿದು ನೋಡಿ, ಬಿಟ್ಟು, ಮತ್ತೊಂದನ್ನು ಹಿಡಿಯುವುದು ಈ ವಯಸ್ಸಿನಲ್ಲಿ ಚಂಚಲತೆಯಲ್ಲ, ಹುಡುಕಾಟ. ಹದಿನೈದರ ಮಗನ ಮುಂದಿನ ಐವತ್ತು ವರ್ಷಗಳನ್ನು ತಾವೇ ಬರೆದಿಡುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಈ ಘಟ್ಟದ ಸತ್ತ್ವ ನಿಷ್ಠೆ.

ನಿಷ್ಠೆಯೆಂಬ ಶಬ್ದ ಬಂದೊಡನೆ ನಮ್ಮ ಓದುಗರಿಗೆ ಮಾಹೇಶ್ವರಸ್ಥಲದ ನಿಷ್ಠಾಭಕ್ತಿ ನೆನಪಾಗುವುದು ಸಹಜ. ಆದರೆ ಶಬ್ದ ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು. ಎರಿಕ್‌ಸನ್ನರ ನಿಷ್ಠೆ ತಾನು ಆರಿಸಿಕೊಂಡ ಜನಕ್ಕೆ, ತತ್ತ್ವಕ್ಕೆ, ವೃತ್ತಿಗೆ ಬದ್ಧನಾಗಿರುವ ಶಕ್ತಿ. ಮಾಹೇಶ್ವರನ ನಿಷ್ಠೆ ಲಿಂಗವೊಂದನ್ನುಳಿದು ಬೇರೆ ನೆಲೆಯನ್ನು ಒಲ್ಲದ ಏಕಾಗ್ರತೆ.

ಆರನೆಯ ಘಟ್ಟ ಆತ್ಮೀಯತೆ ಮತ್ತು ಏಕಾಕಿತನದ್ದು. ತನ್ನತನವನ್ನು ಕಳೆದುಕೊಳ್ಳುವ ಭಯವಿಲ್ಲದೆ ಇನ್ನೊಬ್ಬರೊಡನೆ ಬೆರೆಯುವುದು ಆತ್ಮೀಯತೆ. ತನ್ನತನವೇ ಗಟ್ಟಿಯಾಗದವನು ಒಂದೋ ದೂರ ಸರಿಯುತ್ತಾನೆ, ಇಲ್ಲವೆ ಇನ್ನೊಬ್ಬರನ್ನು ನುಂಗಲು ನೋಡುತ್ತಾನೆ. ಇದರ ಸತ್ತ್ವ ಪ್ರೇಮ.

ಇದಕ್ಕೆ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಬಾಳನ್ನು ನೆನೆಯಬಹುದು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತಿದೆ. ಹಾಗೆ ಹೇಳುವ ಧೈರ್ಯ ಹೆಂಡತಿಗೂ ಕೇಳುವ ವಿನಯ ಗಂಡನಿಗೂ ಇದ್ದುದರಿಂದಲೇ ಆ ದಾಂಪತ್ಯ ಹಿರಿದಾಯಿತು. ಎರಡು ಗಟ್ಟಿ ವ್ಯಕ್ತಿತ್ವಗಳು ಕೂಡುವಾಗ ತಿದ್ದುವ ಮಾತಿಗೆ ಎಡೆಯಿರಬೇಕು. ಎದುರಾಡದಿರುವುದನ್ನೇ ಅನ್ಯೋನ್ಯತೆಯೆಂದು ತಿಳಿದ ಸಂಸಾರಗಳಲ್ಲಿ ಅನೇಕ ವೇಳೆ ಇಬ್ಬರೂ ಏಕಾಕಿಗಳೇ ಆಗಿರುತ್ತಾರೆ.

೫. ನಡುವಯಸ್ಸು ಮತ್ತು ಮುಪ್ಪು

ಏಳನೆಯ ಘಟ್ಟವೇ ಎಲ್ಲಕ್ಕಿಂತ ದೀರ್ಘವಾದುದು. ಸ್ಥೂಲವಾಗಿ ನಾಲ್ವತ್ತರಿಂದ ಅರುವತ್ತೈದರವರೆಗಿನ ಕಾಲವೆಂದು ಇದನ್ನು ಎಣಿಸುವುದುಂಟು. ಮುಂದಿನ ಪೀಳಿಗೆಯನ್ನು ಹುಟ್ಟಿಸಿ, ಬೆಳೆಸಿ, ದಾರಿ ತೋರುವ ಒಲವಿಗೆ ಸಂವರ್ಧನಶೀಲತೆಯೆನ್ನೋಣ. ಅದರ ಎದುರು ನಿಲ್ಲುವುದು ಜಡತೆ, ಎಂದರೆ ತನ್ನ ಸುಖವನ್ನೇ ತಾನು ಸಾಕಿಕೊಳ್ಳುವ ಸ್ಥಿತಿ. ಮಕ್ಕಳನ್ನು ಹೆತ್ತವರೆಲ್ಲರೂ ಸಂವರ್ಧನಶೀಲರಲ್ಲ, ಹೆರದವರೆಲ್ಲರೂ ಜಡರಲ್ಲ. ಪಾಠ ಹೇಳುವವನು, ಗಿಡ ನೆಡುವವನು, ಕೆಲಸ ಕಲಿಸುವ ಕುಶಲಿ, ದಾಸೋಹ ನಡೆಸುವ ಸಂನ್ಯಾಸಿ, ಎಲ್ಲರಿಗೂ ಇದರಲ್ಲಿ ಪಾಲುಂಟು. ಇದರ ಸತ್ತ್ವ ಕಾಳಜಿ.

ಆದರೆ ಈ ಗುಣಕ್ಕೂ ಒಂದು ವಿಕಾರವಿದೆ. ಬೆಳೆಸುವವನು ಬೆಳೆಸಿದುದನ್ನು ತನ್ನದೆಂದು ಹಿಡಿದುಕೊಂಡು ಒಡೆತನ ನಡೆಸಬಹುದು. ತನ್ನವರನ್ನು ಪೊರೆಯುವ ಹೆಸರಿನಲ್ಲಿ ಉಳಿದವರನ್ನು ಹೊರಗಿಡಬಹುದು. ಎರಿಕ್‌ಸನ್ನರು ಇದನ್ನು ಗುರುತಿಸಿ ಎಚ್ಚರಿಸಿದರು. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನವರ ಬಳಿಗೆ ಅಲ್ಲಮಪ್ರಭುಗಳು ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಪ್ರಭುದೇವರ ಆಕ್ಷೇಪ ಕೆರೆಯ ಮೇಲಿರಲಿಲ್ಲ. ಕಟ್ಟಿಸಿದೆನೆಂಬ ಭಾವದ ಮೇಲಿತ್ತು. ಸಂಸ್ಥೆಗಳನ್ನು ಕಟ್ಟಿದ ಹಿರಿಯರು, ಮಕ್ಕಳನ್ನು ಓದಿಸಿದ ತಂದೆತಾಯಿಗಳು ಮತ್ತೆಮತ್ತೆ ಓದಬೇಕಾದ ಪ್ರಸಂಗವಿದು.

ಎಂಟನೆಯದು ಮುಪ್ಪು. ಸಮಗ್ರತೆ ಮತ್ತು ಹತಾಶೆ ಇಲ್ಲಿನ ದ್ವಂದ್ವ. ಸಮಗ್ರತೆಯೆಂದರೆ ನಡೆದುಹೋದ ತನ್ನ ಬಾಳನ್ನು, ಅದರ ತಪ್ಪುಗಳೊಡನೆ, ಆಗಲೇಬೇಕಾಗಿದ್ದ ತನ್ನದೇ ಬಾಳೆಂದು ಒಪ್ಪಿಕೊಳ್ಳುವುದು. ಹತಾಶೆಯೆಂದರೆ ಬೇರೊಂದು ಬಾಳನ್ನು ಬಾಳಲು ಇನ್ನು ಸಮಯವಿಲ್ಲವೆಂಬ ಕೊರಗು. ಈ ಕೊರಗು ಅನೇಕ ವೇಳೆ ಕೊರಗಿನ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಈಗಿನ ಹುಡುಗರು ಕೆಟ್ಟರು, ಕಾಲ ಕೆಟ್ಟಿತು ಎಂಬ ಹೇಸಿಕೆಯ ಮಾತಾಗಿ ಹೊರಬೀಳುತ್ತದೆ. ಈ ಘಟ್ಟದ ಸತ್ತ್ವ ವಿವೇಕ.

ಎರಿಕ್‌ಸನ್ನರು ೧೯೯೪ರಲ್ಲಿ, ತಮ್ಮ ೯೧ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆನಂತರ ತೊಂಬತ್ತು ದಾಟಿದ ಜೋನ್ ಅವರು ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದ ಆವೃತ್ತಿ ೧೯೯೭ರಲ್ಲಿ ಹೊರಬಂದಿತು. ಕೈಕಾಲು ಸೋತು, ಕಣ್ಣು ಮಂಜಾಗಿ, ಜೊತೆಯವರೆಲ್ಲ ಹೋದ ಮೇಲೆ ಹಳೆಯ ದ್ವಂದ್ವಗಳೆಲ್ಲ ಮತ್ತೆ ಎದುರು ನಿಲ್ಲುತ್ತವೆ. ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾದಾಗ ಎರಡು ವರ್ಷದ ಮಗುವಿನ ಲಜ್ಜೆ ಮರಳುತ್ತದೆ. ಆಗ ಆಸರೆಯಾಗುವುದು ಮೊದಲ ಘಟ್ಟದ ಭರವಸೆಯೇ ಎಂದು ಆಕೆ ಬರೆದರು. ಎಂಬತ್ತರಲ್ಲಿ ಕಾಣದ ಈ ಸಂಗತಿಯನ್ನು ತೊಂಬತ್ತು ತೋರಿಸಿತು.

೬. ಪರೀಕ್ಷೆ ಮತ್ತು ಕೊರತೆ

ಈ ಸಿದ್ಧಾಂತಕ್ಕೆ ಆಧಾರವೇನೆಂದು ವಿದ್ಯಾರ್ಥಿಗಳು ಕೇಳುವುದು ನ್ಯಾಯ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೩೮ರಲ್ಲಿ ೨೬೮ ವಿದ್ಯಾರ್ಥಿಗಳ ಬಾಳನ್ನು ವರ್ಷವರ್ಷವೂ ಗಮನಿಸುವ ಅಧ್ಯಯನವೊಂದು ಮೊದಲಾಯಿತು. ಬಾಸ್ಟನ್ನಿನ ಬಡ ಬಡಾವಣೆಗಳ ೪೫೬ ಹುಡುಗರ ಇನ್ನೊಂದು ಅಧ್ಯಯನ ಅದರೊಡನೆ ಕೂಡಿತು. ಬಹುಕಾಲ ಇದರ ನಿರ್ದೇಶಕರಾಗಿದ್ದ ಜಾರ್ಜ್ ವೇಯಂಟ್ ಅವರು ಎರಿಕ್‌ಸನ್ನರ ಘಟ್ಟಗಳನ್ನು ತುಸು ಮಾರ್ಪಡಿಸಿಕೊಂಡು ಈ ಬಾಳುಗಳನ್ನು ಓದಿದರು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರು ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಈ ವಿಷಯದಲ್ಲಿ ರಕ್ತದ ಕೊಲೆಸ್ಟರಾಲಿಗಿಂತ ಸಂಬಂಧಗಳ ತೃಪ್ತಿಯೇ ಹೆಚ್ಚು ನೆಚ್ಚಬಹುದಾದ ಸೂಚನೆಯಾಗಿತ್ತು. ಬಾಲ್ಯ ಕೆಟ್ಟಿದ್ದರೂ ನಡುವಯಸ್ಸಿನಲ್ಲಿ ಚೇತರಿಸಿಕೊಂಡವರೂ ಅವರಲ್ಲಿದ್ದರು. ಆದರೆ ಮೊದಲಿಗೆ ಆರಿಸಿಕೊಂಡವರೆಲ್ಲ ಪುರುಷರು, ಬಿಳಿಯ ಜನಾಂಗದವರು ಎಂಬುದನ್ನು ಮರೆಯಬಾರದು.

ಈ ಕೊರತೆ ಸಿದ್ಧಾಂತದಲ್ಲಿಯೂ ಉಂಟು. ಹಾರ್ವರ್ಡಿನಲ್ಲಿ ಎರಿಕ್‌ಸನ್ನರೊಡನೆ ಬೋಧಿಸಿದ್ದ ಕ್ಯಾರೊಲ್ ಗಿಲಿಗನ್ ಅವರು ೧೯೮೨ರಲ್ಲಿ ಇದನ್ನು ಎತ್ತಿ ತೋರಿದರು. ಮೊದಲು ತನ್ನತನ, ಆಮೇಲೆ ಆತ್ಮೀಯತೆ ಎಂಬ ಕ್ರಮ ಪುರುಷರ ಬಾಳಿನಿಂದ ಎತ್ತಿದುದು. ಅನೇಕ ಸ್ತ್ರೀಯರಲ್ಲಿ ಇವೆರಡೂ ಒಟ್ಟಿಗೇ ಬೆಳೆಯುತ್ತವೆ ಎಂಬುದು ಆಕೆಯ ವಾದ.

ಇನ್ನೊಂದು ಸಂಗತಿ ಇನ್ನೂ ಕಷ್ಟದ್ದು. ಎರಿಕ್‌ಸನ್ ದಂಪತಿಗಳಿಗೆ ೧೯೪೪ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಮಗನೊಬ್ಬ ಹುಟ್ಟಿದ. ಅಂದಿನ ರೂಢಿಯಂತೆ ಅವನನ್ನು ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ಮನೆಯ ಇತರ ಮಕ್ಕಳಿಂದ ಈ ಸತ್ಯವನ್ನು ಮರೆಮಾಡಿದರು. ೧೯೯೯ರಲ್ಲಿ ಲಾರೆನ್ಸ್ ಫ್ರೀಡ್‌ಮನ್ ಅವರು ಬರೆದ ಜೀವನಚರಿತ್ರೆಯಿಂದ ಇದು ಲೋಕಕ್ಕೆ ವಿಸ್ತಾರವಾಗಿ ತಿಳಿಯಿತು. ಶೈಶವದ ವಿಶ್ವಾಸವನ್ನು ಕುರಿತು ಬರೆದವರು ಹೀಗೆ ಮಾಡಿದರೇ ಎಂದು ಮನಸ್ಸು ನೋಯುತ್ತದೆ. ನುಡಿ ನಡೆಗಳು ಒಂದಾಗಬೇಕೆಂಬ ಅಳತೆಗೋಲನ್ನು ಹಿಡಿದ ನಮಗೆ ಈ ನೋವು ಹೆಚ್ಚು. ಆದರೂ ಸಿದ್ಧಾಂತ ಇದರಿಂದ ಸುಳ್ಳಾಗದು. ಸಹಜ ಬೆಳವಣಿಗೆಯ ನಕ್ಷೆಯನ್ನು ಬರೆದವರ ಮನೆಯಲ್ಲಿಯೇ ಆ ನಕ್ಷೆಯಲ್ಲಿ ಎಡೆ ದೊರೆಯದ ಮಗುವೊಂದಿತ್ತು ಎಂಬುದನ್ನು ತಿಳಿದು ಓದಿದರೆ, ನಕ್ಷೆಯೇ ಬಾಳಲ್ಲವೆಂಬ ಎಚ್ಚರ ನಮ್ಮಲ್ಲಿ ಉಳಿಯುತ್ತದೆ.

೭. ಷಟ್‌ಸ್ಥಲದೊಡನೆ

ಈಗ ಹೋಲಿಕೆಯ ವಿಚಾರ. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳೆಂಬ ಆಶ್ರಮಗಳು ವಯಸ್ಸನ್ನು ಅನುಸರಿಸುವುದರಿಂದ ಎರಿಕ್‌ಸನ್ನರ ಘಟ್ಟಗಳಿಗೆ ಅವು ಸಹಜವಾಗಿ ಹೋಲುತ್ತವೆ. ಶರಣರು ಈ ವಯಸ್ಸಿನ ಮೆಟ್ಟಿಲನ್ನು ಒಪ್ಪಲಿಲ್ಲ. ಸಂಸಾರದಲ್ಲಿದ್ದೇ, ಕಾಯಕ ಮಾಡುತ್ತಲೇ ಲಿಂಗಾಂಗ ಸಾಮರಸ್ಯವನ್ನು ಸಾಧಿಸಬಹುದೆಂಬುದು ಅವರ ನಿಲವು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಲಾಗಿದೆ. ಇವುಗಳಲ್ಲಿ ಯಾವುದಕ್ಕೂ ವಯಸ್ಸಿನ ನಿಯಮವಿಲ್ಲ. ಇಪ್ಪತ್ತರ ಯುವಕ ಶರಣಸ್ಥಲದಲ್ಲಿರಬಹುದು, ಎಂಬತ್ತರ ವೃದ್ಧ ಭಕ್ತಸ್ಥಲದ ಹೊಸ್ತಿಲನ್ನೂ ಮುಟ್ಟದಿರಬಹುದು.

ರಚನೆಯಲ್ಲಿ ಮಾತ್ರ ಒಂದು ನಿಜವಾದ ಸಾಮ್ಯವಿದೆ. ಎರಿಕ್‌ಸನ್ನರು ತಮ್ಮ ನಕ್ಷೆಯನ್ನು ಎಂಟು ಸಾಲು, ಎಂಟು ಅಂಕಣಗಳ ೬೪ ಮನೆಗಳಾಗಿ ಬರೆದರು. ಒಂದೊಂದು ಘಟ್ಟದಲ್ಲಿಯೂ ಉಳಿದ ಏಳರ ನೆರಳಿರುತ್ತದೆಂಬುದು ಅದರ ಭಾವ. ನಮ್ಮ ಶಾಸ್ತ್ರಕಾರರು ಭಕ್ತನ ಭಕ್ತ, ಭಕ್ತನ ಮಾಹೇಶ್ವರ ಎಂದು ಮೊದಲಾಗಿ ಒಂದೊಂದು ಸ್ಥಲದಲ್ಲಿಯೂ ಆರನ್ನು ಕಂಡು ೩೬ ಸ್ಥಲಗಳನ್ನು ಎಣಿಸಿದರು. ಬೆಳವಣಿಗೆಯೆಂಬುದು ಒಂದು ಮೆಟ್ಟಿಲನ್ನು ಬಿಟ್ಟು ಮತ್ತೊಂದನ್ನು ಹತ್ತುವುದಲ್ಲ, ಹಿಂದಿನದನ್ನು ಒಳಗೊಂಡು ಮುಂದಿನದನ್ನು ಸೇರುವುದು ಎಂದು ಇಬ್ಬರೂ ಕಂಡರು. ಐಕ್ಯನಲ್ಲಿಯೂ ಭಕ್ತನ ಶ್ರದ್ಧೆ ಉಳಿದಿರುವಂತೆ, ತೊಂಬತ್ತರ ಜೋನ್ ಅವರಿಗೆ ಶೈಶವದ ಭರವಸೆಯೇ ಊರುಗೋಲಾಯಿತು.

ಆದರೆ ಗುರಿ ಬೇರೆ. ಎರಿಕ್‌ಸನ್ನರ ದಾರಿ ಮುಗಿಯುವುದು ತನ್ನ ಬಾಳನ್ನು ತನ್ನದೆಂದು ಒಪ್ಪಿಕೊಂಡ ಗಟ್ಟಿ ವ್ಯಕ್ತಿತ್ವದಲ್ಲಿ. ಷಟ್‌ಸ್ಥಲದ ದಾರಿ ಮುಗಿಯುವುದು ನಾನೆಂಬುದೇ ಕರಗಿದ ಸಾಮರಸ್ಯದಲ್ಲಿ. ಒಂದು ಮನಸ್ಸಿನ ಆರೋಗ್ಯವನ್ನು ಹೇಳುತ್ತದೆ, ಇನ್ನೊಂದು ಜೀವದ ಬಿಡುಗಡೆಯನ್ನು. ಇವೆರಡನ್ನೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ.

ಹಾಗಾದರೆ ಶಿವಭಕ್ತನಿಗೆ ಈ ಮನೋವಿಜ್ಞಾನದಿಂದ ಏನು ಪ್ರಯೋಜನ? ನನ್ನ ಅಲ್ಪಮತಿಗೆ ತೋರುವುದಿಷ್ಟು. ಸಾಧನೆ ವಯಸ್ಸನ್ನು ಕಾಯುವುದಿಲ್ಲವೆಂದು ಷಟ್‌ಸ್ಥಲ ನಮಗೆ ಹೇಳುತ್ತದೆ. ಆದರೆ ನಾವು ಬಾಳುವ ಮನೆಯಲ್ಲಿ ಒಂದು ವಯಸ್ಸಿನ ಕೂಸೂ, ಹದಿನಾರರ ಮಗಳೂ, ಐವತ್ತರ ಮಗನೂ, ಎಂಬತ್ತೈದರ ತಾಯಿಯೂ ಇರುತ್ತಾರೆ. ಅವರವರ ವಯಸ್ಸಿನ ಹಸಿವು ಬೇರೆ ಬೇರೆ. ಲೋಕವೇ ಕರ್ತಾರನ ಕಮ್ಮಟವೆಂದು ನಂಬಿದವನು ಈ ಹಸಿವುಗಳನ್ನು ಗುರುತಿಸದೆ ಜಂಗಮಸೇವೆಯನ್ನು ಹೇಗೆ ಮಾಡಿಯಾನು? ಕೂಸಿಗೆ ಮಡಿಲು, ಶಾಲೆಯ ಮಗುವಿಗೆ ಮೆಚ್ಚುಗೆ, ಹದಿಹರೆಯದವರಿಗೆ ಬಿಡುವು, ಮುದುಕರಿಗೆ ಕಿವಿ, ಇವೂ ದಾಸೋಹವೇ.

ಮುಪ್ಪಿಗೆ ಬಂದ ನನ್ನಂಥವರಿಗೆ ಇನ್ನೊಂದು ಮಾತು. ಬಾಳನ್ನು ಒಪ್ಪಿಕೊಳ್ಳುವುದೆಂದರೆ ತಪ್ಪುಗಳಿಗೆ ಬಣ್ಣ ಬಳಿಯುವುದಲ್ಲ. ಇನ್ನೂ ತಿದ್ದಬಹುದಾದ ತಪ್ಪುಗಳಿದ್ದರೆ ಹೋಗಿ ತಿದ್ದಬೇಕು; ತಿದ್ದಲು ಎದುರಿಗೆ ಯಾರೂ ಉಳಿದಿಲ್ಲದಿದ್ದರೆ ಅವನ್ನು ತನ್ನವೆಂದು ಹೊತ್ತುಕೊಂಡು, ಈಗ ಕಣ್ಣ ಮುಂದಿರುವ ಮಗುವಿಗೆ ಆ ತಪ್ಪನ್ನು ಮಾಡದಿರಬೇಕು. ಅಂದು ಆ ಗೃಹಪ್ರವೇಶದಿಂದ ಮರಳುವಾಗ ಬಡಿಗನು ತನ್ನ ಮಗಳನ್ನು ಕರೆತಂದು ನನ್ನ ಕಾಲಿಗೆ ನಮಸ್ಕಾರ ಮಾಡಿಸಿದ. ಯಾವ ತರಗತಿಯೆಂದು ಕೇಳಿದೆ, ನಾಲ್ಕನೆಯದು ಎಂದಳು. ಮಗ್ಗಿ ಬರುತ್ತದೆಯೇ ಎಂದು ಕೇಳಲು ಬಾಯಿ ತೆರೆದವನು ಕೇಳಲಿಲ್ಲ. ನಿನಗೆ ಏನು ಮಾಡಲು ಇಷ್ಟ ಎಂದು ಕೇಳಿದೆ. ಅವಳು ಬಹಳ ಹೊತ್ತು ಹೇಳಿದಳು. ನಾನು ನಿಂತು ಕೇಳಿದೆ.